ಕಂಪೈಲರ್ ಬಾಗಿಲು ತೆರೆದ ಕತೆ: ಪೊವಾಯಿ ನಡುವೆ ಬರುತ್ತೆ

ಡೊಂಬಿವಲಿಯಲ್ಲೋ ಕಲ್ಯಾಣ್‌ನಲ್ಲೋ ಲೋಕಲ್ ಹತ್ತಿ, ಥಾಣೆಯಲ್ಲಿ ಗಾಡಿ ಬದಲಿಸಿ, ಐರೋಲಿ ಅಥವಾ ಘನ್ಸೋಲಿಗೆ ಹೋಗಿ ಕೋಡ್ ಬರೆಯೋ ನಮ್ಮಂಥವರು ದಿನಕ್ಕೆ ಹತ್ತು ಸಲ ಬಿಲ್ಡ್ ಕೊಡ್ತೇವೆ. ಆ ಬಿಲ್ಡ್ ಒಳಗೆ ದುಡಿಯೋ ಕಂಪೈಲರ್ ಬಗ್ಗೆ ಎಷ್ಟು ಜನ ಯೋಚನೆ ಮಾಡಿದ್ದೇವೆ? ನಾನಂತೂ ಮಾಡಿರಲಿಲ್ಲ, ಪೆಟ್ಟು ತಿನ್ನೋವರೆಗೆ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಸಿ ಭಾಷೆಯಲ್ಲಿ ಬರೆದ ನನ್ನ ಒಂದು ಪ್ರೋಗ್ರಾಮ್ ಟೆಸ್ಟಿಂಗ್‌ನಲ್ಲಿ ಸರಿ ಇತ್ತು, ಗ್ರಾಹಕರ ಹತ್ತಿರ ಹೋದ ಮೇಲೆ ಕೈಕೊಡ್ತಿತ್ತು. ಸಂಖ್ಯೆ ಮಿತಿ ಮೀರಿತಾ ಅಂತ ನೋಡೋಕೆ ಒಂದು ಇಫ್ ಹಾಕಿದ್ದೆ: ನೂರು ಕೂಡಿಸಿದ ಮೇಲೆ ಮೊದಲಿಗಿಂತ ಚಿಕ್ಕದಾದರೆ ನಿಲ್ಲಿಸು ಅಂತ. ಆಪ್ಟಿಮೈಸೇಶನ್ ಹಾಕಿದ ಕೂಡಲೇ ಆ ಇಫ್ ಮಾಯ! ರಿಪೋರ್ಟ್‌ನಲ್ಲಿ 'ಕಂಪೈಲರ್ ಬಗ್' ಅಂತ ಬರೆದು, ಆಪ್ಟಿಮೈಸೇಶನ್ ತೆಗೆದು ಕಳಿಸಿಬಿಟ್ಟೆ. ತಪ್ಪು ಯಾರದು ಅಂತ ಕೊನೆಗೆ ಹೇಳ್ತೀನಿ. ಅದು ಗೊತ್ತಾಗಿದ್ದು ಕಂಪೈಲರ್ ಬಾಗಿಲು ನನ್ನಂಥವನಿಗೂ ತೆರೆದಿದ್ದರಿಂದ. ಆದರೆ ಆ ಬಾಗಿಲು ಸುಮ್ಮನೆ ತೆರೆದದ್ದಲ್ಲ.

ಮೊದಲು ಕಂಪೈಲರ್ ಒಳಗಿನ ಕೆಲಸ ನೋಡೋಣ. ನಮ್ಮ ಲೋಕಲ್ ಡಬ್ಬಿಯಲ್ಲಿ ಕನ್ನಡ, ತುಳು, ಕೊಂಕಣಿ, ತಮಿಳು, ಗುಜರಾತಿ ಮಾತಾಡೋರು ಇರ್ತಾರೆ. ಒಬ್ಬೊಬ್ಬರೂ ಉಳಿದವರ ಭಾಷೆಯನ್ನೆಲ್ಲ ಕಲಿಯೋದಿಲ್ಲ. ಎಲ್ಲರೂ ಮುಂಬಯಿ ಹಿಂದಿಗೆ ಇಳಿದರೆ ಕೆಲಸ ನಡೀತು. ಕಂಪೈಲರ್ ಕೂಡ ಹಾಗೇ. ಐದು ಭಾಷೆ, ನಾಲ್ಕು ಪ್ರೊಸೆಸರ್ ಇದ್ದರೆ ಬಿಡಿಬಿಡಿಯಾಗಿ 20 ಅನುವಾದಕ ಬೇಕು. ನಡುವೆ ಒಂದು ಭಾಷೆ ಇಟ್ಟುಕೊಂಡರೆ ಒಂಬತ್ತು ಭಾಗ ಸಾಕು. ಕೋಡನ್ನು ಚುರುಕು ಮಾಡೋ ಕೆಲಸದ ದೊಡ್ಡ ಪಾಲು ನಡೆಯೋದು ಈ ನಡುಭಾಷೆಯಲ್ಲೇ. ಹಾಗಾಗಿ ಓಪನ್ ಸೋರ್ಸ್ ಕಂಪೈಲರ್‌ಗಳ ದೊಡ್ಡ ಜಗಳ ಒಂದು ನಡೆದದ್ದು ಇದರ ಸುತ್ತಲೇ: ನಡುಭಾಷೆಯನ್ನು ಹೊರಗಿನವರಿಗೆ ಎಷ್ಟು ತೆರೆದಿಡಬೇಕು?

1987ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಜಿಸಿಸಿಯನ್ನು ಹೊರಬಿಟ್ಟರು. ಕೋಡ್ ಎಲ್ಲರಿಗೂ ಮುಕ್ತ. ಆದರೆ ನಡುಭಾಷೆಯನ್ನು ಸುಲಭವಾಗಿ ಹೊರಗೆ ಕೊಡಬಾರದು ಅನ್ನೋದು ಅವರ ನಿಲುವು. ಕೊಟ್ಟರೆ ಕಂಪನಿಗಳು ಜಿಸಿಸಿಯ ಅರ್ಧ ಭಾಗ ಬಳಸಿಕೊಂಡು, ಉಳಿದರ್ಧವನ್ನು ತಮ್ಮ ಗುಟ್ಟಿನ ಕೋಡ್ ಮಾಡಿಕೊಳ್ತಾವೆ ಅನ್ನೋ ಭಯ. ಇದು ಹುಚ್ಚು ಹಟ ಅಲ್ಲ. ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿ ಜಿಸಿಸಿಗೆ ಆಬ್ಜೆಕ್ಟಿವ್-ಸಿ ಸೇರಿಸಿ, ತನ್ನ ಭಾಗವನ್ನು ಮುಚ್ಚಿಟ್ಟುಕೊಳ್ಳಲು ನೋಡಿತ್ತು. ಜಿಪಿಎಲ್ ಲೈಸೆನ್ಸ್ ಅದಕ್ಕೆ ಒಪ್ಪಲಿಲ್ಲ. ಕೊನೆಗೆ ನೆಕ್ಸ್ಟ್ ಆ ಕೋಡ್ ಕೊಡಲೇಬೇಕಾಯ್ತು. ಬಾಗಿಲು ಬಿಗಿಯಾಗಿದ್ದಕ್ಕೆ ಲಾಭವೇ ಆಯ್ತು.

ಆದರೆ ಅದೇ ಬಿಗಿಯಿಂದ ಒಳಗಿನವರಿಗೂ ಉಸಿರು ಕಟ್ಟಿತು. 1990ರ ದಶಕದ ನಡುವೆ ಹೊರಗಿನವರು ಕಳಿಸಿದ ಪ್ಯಾಚ್‌ಗಳು ಜಿಸಿಸಿಗೆ ಸೇರೋದೇ ಕಷ್ಟವಾಗಿತ್ತು. 1997ರಲ್ಲಿ ಒಂದಷ್ಟು ಡೆವಲಪರ್‌ಗಳು ಇಜಿಸಿಎಸ್ ಅಂತ ಬೇರೆ ಮನೆ ಮಾಡಿ, ಎಲ್ಲರ ಕಣ್ಣೆದುರೇ ಕೆಲಸ ಶುರು ಮಾಡಿದರು. ಅದು ಎಷ್ಟು ಚೆನ್ನಾಗಿ ನಡೀತು ಅಂದರೆ, 1999ರಲ್ಲಿ ಸ್ಟಾಲ್‌ಮನ್ ಅವರ ಸಂಸ್ಥೆಯೇ ಅದನ್ನು ಅಧಿಕೃತ ಜಿಸಿಸಿ ಅಂತ ಒಪ್ಪಿಕೊಂಡಿತು. ಮನೆ ಬಿಟ್ಟು ಹೋದವರೇ ಯಜಮಾನರಾದರು.

ಈಗ ನಮ್ಮ ಪೊವಾಯಿಗೆ ಬರೋಣ. ಜಿಸಿಸಿ ಹುಟ್ಟಿದ ಅದೇ 1987ರಲ್ಲಿ ಐಐಟಿ ಬಾಂಬೆಯಿಂದ ಬಿ.ಟೆಕ್. ಮುಗಿಸಿ ಹೊರಬಂದವರು ವಿಕ್ರಮ್ ಆಡ್ವೆ. ಮುಂದೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದರು. 2000ದ ಕೊನೆಗೆ ಅವರ ವಿದ್ಯಾರ್ಥಿ ಕ್ರಿಸ್ ಲ್ಯಾಟ್ನರ್ ಅವರ ಜೊತೆ ಶುರು ಮಾಡಿದ್ದೇ ಎಲ್‌ಎಲ್‌ವಿಎಂ. ಮೊದಲ ಬಿಡುಗಡೆ 2003ರಲ್ಲಿ. ಇಲ್ಲಿ ನಡುಭಾಷೆಯೇ ಮುಂಬಾಗಿಲು: ಯಾರು ಬೇಕಾದರೂ ಓದಬಹುದು, ಬರೆಯಬಹುದು, ತಮ್ಮ ಟೂಲ್‌ಗೆ ಜೋಡಿಸಿಕೊಳ್ಳಬಹುದು. ಲೈಸೆನ್ಸ್ ಕೂಡ ಸಡಿಲ.

2005ರ ನವೆಂಬರ್‌ನಲ್ಲಿ ಲ್ಯಾಟ್ನರ್ ಜಿಸಿಸಿ ಡೆವಲಪರ್‌ಗಳಿಗೆ ಒಂದು ಪ್ರಸ್ತಾಪ ಬರೆದರು: ಎಲ್‌ಎಲ್‌ವಿಎಂ ಅನ್ನು ಜಿಸಿಸಿಗೆ ಸೇರಿಸೋಣ, ಕಾಪಿರೈಟನ್ನೂ ನಿಮ್ಮ ಸಂಸ್ಥೆಗೇ ಬರೆದುಕೊಡೋ ದಾರಿ ನೋಡೋಣ ಅಂತ. ಚರ್ಚೆ ನಡೀತು, ಕೆಲಸ ಮುಂದೆ ಹೋಗಲಿಲ್ಲ. ತಮಾಷೆ ಏನಂದ್ರೆ, ಸ್ಟಾಲ್‌ಮನ್ ಆ ಪತ್ರ ನೋಡಿರಲೇ ಇಲ್ಲ! 2015ರಲ್ಲಿ, ಬೇರೆ ಯಾವುದೋ ಚರ್ಚೆಯ ನಡುವೆ ವಿಷಯ ತಿಳಿದಾಗ ದಂಗಾಗಿ, ಒಪ್ಪಿಕೊಂಡಿದ್ದರೆ ಚೆನ್ನಾಗಿತ್ತು ಅಂತ ಬರೆದರು. ಅಷ್ಟರಲ್ಲಿ ಆಪಲ್ ಎಲ್‌ಎಲ್‌ವಿಎಂ ಕಡೆ ಹೋಗಿ ಆಗಿತ್ತು, 2014ರಲ್ಲಿ ಫ್ರೀಬಿಎಸ್‌ಡಿ 10 ಕೂಡ ಅದರ ಕ್ಲ್ಯಾಂಗ್ ಕಂಪೈಲರನ್ನೇ ಮುಂದಿಟ್ಟಿತ್ತು. ಒಂದು ಓದದ ಪತ್ರದಿಂದಲೇ ಇಷ್ಟೆಲ್ಲ ಆಯ್ತು ಅಂತ ನಾನು ಹೇಳೋಲ್ಲ. ಆದರೆ ಹೊರಗಿನವರ ಮಾತು ಸೇರಬೇಕಾದವರಿಗೆ ಸೇರದೆ ಹೋಗೋದು ಹೀಗೇ.

ಜಿಸಿಸಿಯೂ ಪಾಠ ಕಲಿಯಿತು. 2009ರಲ್ಲಿ ಲೈಸೆನ್ಸ್ ವಿನಾಯಿತಿಯ ಮಾತುಗಳನ್ನು ತಿದ್ದಿ, 2010ರ 4.5 ಆವೃತ್ತಿಯಲ್ಲಿ ಪ್ಲಗಿನ್‌ಗೆ ಜಾಗ ಮಾಡಿತು. ಗುಟ್ಟಿನ ಕೋಡ್‌ಗೆ ಕಡಿವಾಣವೂ ಉಳಿಯಿತು, ಕಲಿಯೋರಿಗೆ ದಾರಿಯೂ ಆಯ್ತು.

ಆದರೆ ಬಾಗಿಲು ತೆರೆದರೆ ಸಾಕಾ? ಒಳಗೆ ಲಕ್ಷಗಟ್ಟಲೆ ಸಾಲು ಕೋಡ್, ಇನ್ನೂರಕ್ಕೂ ಹೆಚ್ಚು ಪಾಸ್‌ಗಳು. ಕೈಹಿಡಿದು ಕರೆದುಕೊಂಡು ಹೋಗೋರು ಬೇಕು. ಆ ಕೆಲಸ ಮಾಡಿದ್ದು ಪೊವಾಯಿ ಐಐಟಿಯ ಜಿಸಿಸಿ ರಿಸೋರ್ಸ್ ಸೆಂಟರ್. ಪ್ರೊಫೆಸರ್ ಉದಯ್ ಖೇಡ್ಕರ್ ಅವರ ಮುಂದಾಳತ್ವದಲ್ಲಿ, ಕೇಂದ್ರ ಸರ್ಕಾರದ ಹಣದ ನೆರವಿನಿಂದ ನಡೆದದ್ದು. ಅವರ ಕಾರ್ಯಾಗಾರಗಳ ಕ್ರಮ ನನಗೆ ಇಷ್ಟ. ಮೊದಲು ಕೋಡ್ ಮುಟ್ಟಬೇಡಿ. ಕಂಪೈಲರ್ ಪ್ರತಿ ಹಂತದಲ್ಲೂ ಉಗುಳೋ ಡಂಪ್ ಫೈಲ್‌ಗಳನ್ನು ಓದಿ. ಇದಕ್ಕೆ ಅವರು ಇಟ್ಟ ಹೆಸರು ಗ್ರೇ ಬಾಕ್ಸ್ ಪ್ರೋಬಿಂಗ್: ಪೂರ್ತಿ ಕತ್ತಲೂ ಅಲ್ಲ, ಪೂರ್ತಿ ಬೆಳಕೂ ಅಲ್ಲ. ಆಮೇಲೆ ಸ್ಪಿಮ್ ಅನ್ನೋ ಕಲಿಕೆಯ ಪ್ರೊಸೆಸರ್‌ಗೆ ಒಂದೊಂದೇ ಮೆಟ್ಟಿಲು ಹತ್ತುತ್ತಾ ಬ್ಯಾಕೆಂಡ್ ಬರೆಯಿರಿ. ಸ್ಲೈಡ್‌ಗಳನ್ನೆಲ್ಲ ಎಲ್ಲರಿಗೂ ತೆರೆದಿಟ್ಟರು.

ಆ ಸ್ಲೈಡ್‌ಗಳನ್ನು ಡೌನ್‌ಲೋಡ್ ಮಾಡಿ ಲೋಕಲ್‌ನಲ್ಲಿ, ದಿವಾ ಮುಂಬ್ರಾ ನಡುವೆ ನಿಂತುಕೊಂಡೇ ಓದಿದೆ. ಮನೆಗೆ ಬಂದು ನನ್ನ ಪ್ರೋಗ್ರಾಮ್‌ನ ಡಂಪ್ ತೆಗೆದೆ. ಇಫ್ ಯಾವ ಹಂತದಲ್ಲಿ ಮಾಯವಾಯ್ತು ಅಂತ ಕಣ್ಣಾರೆ ಕಂಡಿತು. ತಪ್ಪು ನನ್ನದೇ! ಸೈನ್ಡ್ ಇಂಟಿಜರ್ ಮಿತಿ ಮೀರಿದರೆ ಏನಾಗಬೇಕು ಅಂತ ಸಿ ಸ್ಟ್ಯಾಂಡರ್ಡ್ ಹೇಳೋದೇ ಇಲ್ಲ. ಹಾಗಾಗಿ ಅದು ಮೀರೋದೇ ಇಲ್ಲ ಅಂತ ಕಂಪೈಲರ್ ನಂಬಿಕೊಂಡು, 'ಈ ಇಫ್ ಯಾಕೆ' ಅಂತ ಕಿತ್ತು ಹಾಕುತ್ತೆ. ಇದೇ ವಿಷಯಕ್ಕೆ 2007ರಲ್ಲಿ ಜಿಸಿಸಿ ಡೆವಲಪರ್‌ಗಳ ಹತ್ತಿರ ಒಬ್ಬರು ದೂರು ತಂದು, ಇದು ಸುರಕ್ಷತೆಗೇ ಅಪಾಯ ಅಂತ ಜೋರಾಗಿ ವಾದ ಮಾಡಿದ್ದರು. ಸ್ಟ್ಯಾಂಡರ್ಡ್ ಓದಿ, ಬೇಕಾದರೆ ರ್‍ಯಾಪ್‌ವಿ ಆಯ್ಕೆ ಹಾಕಿಕೊಳ್ಳಿ ಅನ್ನೋದು ಅವರ ಉತ್ತರ. ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ. ಆದರೆ ನನ್ನ ರಿಪೋರ್ಟ್‌ನಲ್ಲಿ 'ಕಂಪೈಲರ್ ಬಗ್' ಅಂತ ಬರೆದದ್ದು ಮಾತ್ರ ಶುದ್ಧ ಸುಳ್ಳು. ನಾಲ್ಕು ತಿಂಗಳು ಗ್ರಾಹಕರು ನಿಧಾನದ ಪ್ರೋಗ್ರಾಮ್ ಓಡಿಸಿದ್ದು ನನ್ನ ಸೋಮಾರಿತನಕ್ಕೆ.

ಊರಿನ ಕಡೆಯ ಸುದ್ದಿಯೂ ಕೇಳಿ. ಬೆಂಗಳೂರಿನ ಐಐಎಸ್‌ಸಿಯಲ್ಲಿರೋ ಉದಯ್ ಬೊಂಡುಗುಲ 2008ರಲ್ಲೇ ಪ್ಲೂಟೊ ಅನ್ನೋ ಟೂಲ್‌ನಿಂದ ಹೆಸರು ಮಾಡಿದ್ದರು. ಲೂಪ್‌ಗಳನ್ನು ತಾನಾಗಿಯೇ ಹಲವು ಕೋರ್‌ಗಳಿಗೆ ಹಂಚೋ ಟೂಲ್ ಅದು. ಮುಂದೆ ಲ್ಯಾಟ್ನರ್ ತಂಡದ ಜೊತೆ ಎಂಎಲ್‌ಐಆರ್ ಕಟ್ಟಿದವರಲ್ಲಿ ಅವರೂ ಒಬ್ಬರು. 2019ರಲ್ಲಿ ಅದು ಎಲ್‌ಎಲ್‌ವಿಎಂ ಮನೆಗೆ ಸೇರಿತು. ಒಂದೇ ನಡುಭಾಷೆ ಸಾಲದು, ಬೇಕಾದಷ್ಟು ನಡುಭಾಷೆಗಳು ಒಂದೇ ಸೂರಿನಡಿ ಇರಲಿ ಅನ್ನೋದು ಅದರ ಲೆಕ್ಕ. ಇವತ್ತಿನ ಎಐ ಕಂಪೈಲರ್‌ಗಳಲ್ಲಿ ಎಷ್ಟೋ ಅದರ ಮೇಲೇ ನಿಂತಿವೆ.

ಹಾಗಾದ್ರೆ ನಾವು? ಎಲ್‌ಎಲ್‌ವಿಎಂ ಕೋಡ್ ಈಗ ಗಿಟ್‌ಹಬ್‌ನಲ್ಲಿದೆ, ಹೊಸಬರಿಗೆ ಅಂತಲೇ ಗುರುತು ಹಾಕಿಟ್ಟ ಸಣ್ಣ ಕೆಲಸಗಳಿವೆ. ನಾನು ಕಳಿಸಿದ ಮೊದಲ ಪ್ಯಾಚ್ ಡಾಕ್ಯುಮೆಂಟ್‌ನ ಒಂದು ವಾಕ್ಯ ತಿದ್ದಿದ್ದು, ಅಷ್ಟೇ. ಅದಕ್ಕೂ ಇಬ್ಬರು ಕೂತು ಕಾಮೆಂಟ್ ಬರೆದರು. ಐರೋಲಿಯಿಂದ ಹೋದ ಮಾತನ್ನು ಯಾರೋ ಓದಿದರು ಅನ್ನೋದೇ ನನಗೆ ದೊಡ್ಡದು.

ಮುಂದಿನ ಸಲ ಬಿಲ್ಡ್ ಕೈಕೊಟ್ಟರೆ, ಕಂಪೈಲರ್‌ಗೆ ಬೈಯೋ ಮೊದಲು ಡಂಪ್ ತೆಗೆದು ಒಂದು ಫೈಲ್ ಓದಿ. ಏನು ಕಂಡಿತು ಅಂತ ಕೆಳಗೆ ಬರೆಯಿರಿ. ಮುಂದಿನ ವಾರ ಸಿಗೋಣ.