ಟರ್ಬೋಚಾರ್ಜರ್ ಹೌಸಿಂಗ್ ಕೊರೆದು ದೊಡ್ಡ ಚಕ್ರ ಅಳವಡಿಸುವುದು: ವಾಹನ ಮಾಲೀಕರ ಮಾಹಿತಿಗಾಗಿ

ಡೀಸೆಲ್ ವಾಹನಗಳ ಟರ್ಬೋಚಾರ್ಜರ್ ಹೌಸಿಂಗನ್ನು ಲೇತಿನಲ್ಲಿ ಕೊರೆಸಿ, ಮೂಲ ಚಕ್ರಕ್ಕಿಂತ ದೊಡ್ಡದಾದ ಚಕ್ರವನ್ನು ಅಳವಡಿಸಿಕೊಳ್ಳುವ ಪದ್ಧತಿ ವರ್ಕ್‌ಷಾಪುಗಳಲ್ಲಿ ಬಳಕೆಯಲ್ಲಿದೆ. ಹೊಸ ಟರ್ಬೋ ಕೊಳ್ಳುವುದಕ್ಕಿಂತ ಕಡಿಮೆ ಖರ್ಚಿನಲ್ಲಿ ಎಂಜಿನ್ನಿನ ಶಕ್ತಿ ಹೆಚ್ಚುತ್ತದೆ ಎಂಬುದು ಇದಕ್ಕೆ ಕಾರಣ. ನೋಂದಣಿ, ಅರ್ಹತಾ ಪತ್ರ, ಹೊಗೆ ತಪಾಸಣೆ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವ ಮಾಲೀಕರು ಈ ಕೆಲಸದ ಬಗ್ಗೆ ತಿಳಿದಿರಬೇಕಾದ ತಾಂತ್ರಿಕ ಹಾಗೂ ಕಾನೂನು ಅಂಶಗಳನ್ನು ಇಲ್ಲಿ ನೀಡಲಾಗಿದೆ. ಒಮ್ಮೆ ಕೊರೆದು ತೆಗೆದ ಲೋಹವನ್ನು ಮರಳಿ ಸೇರಿಸಲಾಗದು. ಆದುದರಿಂದ ಕಾನೂನಿನ ಪ್ರಶ್ನೆಯನ್ನು ಲೇತಿಗೆ ಹೋಗುವ ಮುನ್ನವೇ ಇತ್ಯರ್ಥಪಡಿಸಿಕೊಳ್ಳತಕ್ಕದ್ದು.

ಕೆಲಸದ ಸ್ವರೂಪ

ಟರ್ಬೋಚಾರ್ಜರಿನಲ್ಲಿ ಒಂದೇ ದಂಡದ ಎರಡು ತುದಿಗಳಲ್ಲಿ ಎರಡು ಚಕ್ರಗಳಿರುತ್ತವೆ. ಹೊಗೆಯ ಬದಿಯ ಟರ್ಬೈನ್ ಚಕ್ರವನ್ನು ಎಂಜಿನ್ ಹೊರಬಿಡುವ ಅನಿಲ ತಿರುಗಿಸುತ್ತದೆ. ಗಾಳಿಯ ಬದಿಯ ಕಂಪ್ರೆಸರ್ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ಕಳುಹಿಸುತ್ತದೆ. ಸಾಮಾನ್ಯವಾಗಿ ಬದಲಾಯಿಸುವುದು ಕಂಪ್ರೆಸರ್ ಚಕ್ರವನ್ನು. ಈ ಚಕ್ರಕ್ಕೆ ಎರಡು ವ್ಯಾಸಗಳಿವೆ: ಗಾಳಿ ಒಳಬರುವ ಬಾಯಿಯದು ಚಿಕ್ಕದು, ಹೊರಹೋಗುವ ಅಂಚಿನದು ದೊಡ್ಡದು. ಚಿಕ್ಕ ವ್ಯಾಸವನ್ನು ದೊಡ್ಡ ವ್ಯಾಸದಿಂದ ಭಾಗಿಸಿ, ವರ್ಗ ಮಾಡಿ, 100ರಿಂದ ಗುಣಿಸಿದರೆ ಬರುವ ಸಂಖ್ಯೆಗೆ ಟ್ರಿಮ್ ಎನ್ನುತ್ತಾರೆ. 44 ಮತ್ತು 60 ಮಿ.ಮೀ. ವ್ಯಾಸಗಳ ಚಕ್ರದ ಟ್ರಿಮ್ ಸುಮಾರು 54. ಬಾಯಿಯನ್ನು 47 ಮಿ.ಮೀ.ಗೆ ಏರಿಸಿದರೆ ಅದು 61 ಆಗುತ್ತದೆ.

ಬಾಯಿಯ ವ್ಯಾಸ ಮಾತ್ರ ಹೆಚ್ಚಿದರೆ ಹೌಸಿಂಗಿನ ಒಳಬಾಯಿಯನ್ನೂ ಅದರ ಒಳಗಿನ ಬಾಗಿದ ಮೈಯನ್ನೂ ಕೊರೆದರೆ ಸಾಕು. ಅಂಚಿನ ವ್ಯಾಸವೂ ಹೆಚ್ಚಿದಲ್ಲಿ ಹಿಂಬದಿಯ ತಟ್ಟೆಯನ್ನೂ ತೋಡಬೇಕಾಗುತ್ತದೆ. ಆಗ ಚಕ್ರದ ಅಂಚಿನಿಂದ ಸುರುಳಿಯವರೆಗೆ ಗಾಳಿ ನಿಧಾನಗೊಂಡು ಒತ್ತಡವಾಗಿ ಮಾರ್ಪಡುವ ಜಾಗ ಕಿರಿದಾಗುತ್ತದೆ. ಚಕ್ರ ದೊಡ್ಡದಾದಷ್ಟೂ ಲಾಭ ಎಂಬ ಲೆಕ್ಕ ಇಲ್ಲಿ ತಪ್ಪುತ್ತದೆ.

ಕೊರೆಯುವ ಕ್ರಮ

ಹೌಸಿಂಗನ್ನು ಲೇತಿಗೆ ಕಟ್ಟುವಾಗ ಡಯಲ್ ಗೇಜನ್ನು ಯಾವ ಮೈಗೆ ಹಿಡಿಯಲಾಗುತ್ತದೆ ಎಂಬುದೇ ಮುಖ್ಯ. ರಬ್ಬರ್ ಕೊಳವೆ ಕೂರುವ ಹೊರಬಾಯಿಯನ್ನು ಆಧಾರವಾಗಿ ಹಿಡಿಯುವುದು ಸಲ್ಲದು. ಅದು ದಂಡದ ಕೇಂದ್ರಕ್ಕೆ ಸರಿಯಾಗಿ ಇರಲೇಬೇಕೆಂಬ ನಿಯಮವಿಲ್ಲ. ನಡುವಿನ ಬೇರಿಂಗ್ ಭಾಗ ಬಂದು ಕೂರುವ ಮೆಟ್ಟಿಲನ್ನೇ ಆಧಾರವಾಗಿ ಹಿಡಿಯತಕ್ಕದ್ದು.

ಎಲೆಗಳ ತುದಿಗೂ ಹೌಸಿಂಗಿಗೂ ನಡುವೆ ಉಳಿಯುವ ತೆರಪು ಒಂದು ಮಿಲಿಮೀಟರಿನ ಕೆಲವೇ ಹತ್ತನೆಯ ಭಾಗಗಳಷ್ಟಿರುತ್ತದೆ. ಪ್ರತಿ ಬದಿಗೆ 0.3 ಮಿ.ಮೀ. ಎಂದು ಇಟ್ಟುಕೊಂಡರೆ 47 ಮಿ.ಮೀ. ಚಕ್ರಕ್ಕೆ 47.6 ಮಿ.ಮೀ. ಬೋರ್ ಬೇಕು. ತೆರಪು ಹೆಚ್ಚಾದರೆ ಒತ್ತಿದ ಗಾಳಿ ಎಲೆಗಳ ಮೇಲಿನಿಂದ ಹಿಂದಕ್ಕೆ ಜಾರುತ್ತದೆ. ಕಡಿಮೆಯಾದರೆ, ಎಣ್ಣೆಯ ಪದರದ ಮೇಲೆ ತೇಲುವ ದಂಡ ಸ್ವಲ್ಪ ಓಲಾಡಿದರೂ ಎಲೆಗಳು ಉಜ್ಜುತ್ತವೆ. ಈ ತೆರಪು ಬಾಯಿಯಿಂದ ಅಂಚಿನವರೆಗೂ ಎಲೆಯ ಬಾಗನ್ನೇ ಅನುಸರಿಸಬೇಕಾದ್ದರಿಂದ, ಚಕ್ರದ ಬಾಗನ್ನು ಅಳೆದು ಸಿಎನ್‌ಸಿ ಯಂತ್ರದಲ್ಲಿ ಕೊರೆಯುವುದು ಲೇಸು. ಸಾಧಾರಣ ಲೇತಿನಲ್ಲಿ ತಗಡಿನ ಮಾದರಿ ಹಿಡಿದು ಮಾಡುವ ನುರಿತ ಟರ್ನರುಗಳೂ ಇದ್ದಾರೆ, ಅಂಥವರು ಅಪರೂಪ.

ಬಾಯಿಯ ಸುತ್ತ ಗಾಳಿ ಮರಳುವ ಸೀಳು ಇರುವ ಹೌಸಿಂಗುಗಳಲ್ಲಿ ಒಳಗೋಡೆ ತೆಳುವಾಗಿರುತ್ತದೆ. ಅವುಗಳನ್ನು ಕೊರೆಯಲು ಹೆಚ್ಚು ಅವಕಾಶವಿರುವುದಿಲ್ಲ. ಹೊಗೆಯ ಬದಿಯ ಹೌಸಿಂಗ್ ಎರಕದ ಕಬ್ಬಿಣದ್ದು. ಕಾವಿನಿಂದ ಒಳಗೆ ಬಿರುಕು ಬಿಟ್ಟಿರುವ ಸಂಭವವಿರುವುದರಿಂದ ಮೊದಲು ಅದನ್ನು ಪರೀಕ್ಷಿಸಬೇಕು. ಕೊರೆದ ಬಳಿಕ ಸುರುಳಿಯೊಳಗೆ ಲೋಹದ ಚೂರು ಉಳಿದರೆ ಅದು ನೇರವಾಗಿ ಎಂಜಿನ್ನಿನ ದಾರಿ ಹಿಡಿಯುತ್ತದೆ.

ಚಕ್ರ ಬದಲಾದ ಮೇಲೆ ದಂಡ ಮತ್ತು ಚಕ್ರಗಳ ಬ್ಯಾಲೆನ್ಸಿಂಗ್ ಕಡ್ಡಾಯ. 60 ಮಿ.ಮೀ. ಚಕ್ರ ನಿಮಿಷಕ್ಕೆ 1,50,000 ಸುತ್ತು ತಿರುಗುವಾಗ ಅದರ ಅಂಚಿನ ವೇಗ ಸೆಕೆಂಡಿಗೆ 471 ಮೀಟರ್, ಅಂದರೆ ಶಬ್ದದ ವೇಗಕ್ಕಿಂತ ಹೆಚ್ಚು. ಅದೇ ಸುತ್ತಿನಲ್ಲಿ 66 ಮಿ.ಮೀ. ಚಕ್ರದ ಅಂಚು 518 ಮೀಟರ್ ವೇಗಕ್ಕೇರುತ್ತದೆ. ಚಕ್ರವನ್ನು ಸೀಳುವ ಎಳೆತ ಶೇ. 21ರಷ್ಟು ಹೆಚ್ಚುತ್ತದೆ. ಚಕ್ರ ಒಡೆದರೆ ಚೂರುಗಳನ್ನು ಒಳಗೇ ತಡೆಯಬೇಕಾದುದು ಹೌಸಿಂಗಿನ ಗೋಡೆ. ಕೊರೆದು ತೆಳುವಾಗಿಸುವುದು ಅದೇ ಗೋಡೆಯನ್ನು ಎಂಬುದನ್ನು ಮಾಲೀಕರು ಗಮನಿಸತಕ್ಕದ್ದು.

ಹೊಗೆ ತಪಾಸಣೆಯ ಮೇಲಿನ ಪರಿಣಾಮ

ಒಂದೇ ಆಕಾರದ, ಒಂದೇ ಲೋಹದ ಚಕ್ರವನ್ನು ಎಲ್ಲ ಅಳತೆಯಲ್ಲೂ ಶೇ. 10ರಷ್ಟು ಹಿಗ್ಗಿಸಿದರೆ, ಅದನ್ನು ವೇಗಕ್ಕೆ ತರಲು ಎದುರಾಗುವ ಜಡತ್ವ ಸುಮಾರು ಶೇ. 61ರಷ್ಟು ಹೆಚ್ಚುತ್ತದೆ. ಡೀಸೆಲ್ ವಾಹನದ ತಪಾಸಣೆಯಲ್ಲಿ ಎಂಜಿನ್ನನ್ನು ಐಡಲ್ ವೇಗದಿಂದ ಗರಿಷ್ಠ ವೇಗಕ್ಕೆ ಒಮ್ಮೆಲೇ ಏರಿಸಿ ಹೊಗೆಯನ್ನು ಅಳೆಯಲಾಗುತ್ತದೆ. ಭಾರದ ಚಕ್ರ ತಡವಾಗಿ ಏಳುವುದರಿಂದ ಆ ಕ್ಷಣದಲ್ಲಿ ಇಂಧನಕ್ಕೆ ತಕ್ಕ ಗಾಳಿ ದೊರೆಯದೆ ಕಪ್ಪು ಹೊಗೆ ಬರುತ್ತದೆ. ಇದರೊಂದಿಗೆ ಇಂಧನದ ಪ್ರಮಾಣವನ್ನೂ ಏರಿಸಿದ್ದರೆ ಹೇಳುವುದೇ ಬೇಡ. ಭಾರತ್ ಸ್ಟೇಜ್-4ಕ್ಕಿಂತ ಹಿಂದಿನ ಡೀಸೆಲ್ ವಾಹನಗಳಿಗೆ ಹೊಗೆಯ ಮಿತಿ 65 ಹಾರ್ಟ್‌ರಿಜ್ ಘಟಕ. ಭಾರತ್ ಸ್ಟೇಜ್-4 ವಾಹನಗಳಿಗೆ 50.

ಕಾನೂನಿನ ಸ್ಥಿತಿ

ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣದ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಂದ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಜನವರಿ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ ಮುಂತಾದ ಬೇರೆ ಇಂಧನಕ್ಕೆ ಪರಿವರ್ತನಾ ಕಿಟ್ ಅಳವಡಿಸುವುದಕ್ಕೆ ಷರತ್ತುಗಳಿಗೆ ಒಳಪಟ್ಟು ವಿನಾಯಿತಿ ಇದೆ. ಶಕ್ತಿ ಹೆಚ್ಚಿಸುವ ಸಲುವಾಗಿ ಟರ್ಬೋ ಬದಲಾಯಿಸುವುದು ಆ ವಿನಾಯಿತಿಯೊಳಗೆ ಬರುವುದಿಲ್ಲ.

ಚಕ್ರ ಬದಲಾದರೂ ಎಂಜಿನ್ ಸಂಖ್ಯೆ, ಸಿ.ಸಿ. ಎರಡೂ ಬದಲಾಗುವುದಿಲ್ಲವಲ್ಲ ಎಂಬ ವಾದ ಕೇಳಿಬರುವುದುಂಟು. ಆದರೆ ವಾಹನದ ಮಾದರಿಗೆ ದೊರೆತ ಅನುಮೋದನೆಯು ಪುಣೆಯ ಎಆರ್‌ಎಐ ಮೊದಲಾದ ಅಧಿಕೃತ ಸಂಸ್ಥೆಗಳಲ್ಲಿ ಪರೀಕ್ಷೆಗೊಳಪಟ್ಟ ಮೂಲ ಎಂಜಿನ್ನಿಗೆ ಸಂಬಂಧಿಸಿದ್ದು. ಸಿ.ಸಿ. ಬದಲಾಗದ ಮಾತ್ರಕ್ಕೆ ಹೊಗೆ ಮತ್ತು ಶಬ್ದದ ನಿಯಮಗಳಿಂದ ಬಿಡುಗಡೆ ದೊರೆಯುವುದಿಲ್ಲ. 2019ರ ತಿದ್ದುಪಡಿಯ ಮೂಲಕ ಸೇರಿದ 182-ಎ ಪ್ರಕರಣದಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಕಾರಾವಾಸ ಅಥವಾ ಎರಡನ್ನೂ ವಿಧಿಸಬಹುದು. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಡು ಅಪಘಾತ ಪರಿಹಾರದ ವೇಳೆ ತಕರಾರಿಗೂ ಎಡೆಮಾಡಬಹುದು.

ಅರ್ಜಿದಾರರಿಗೆ ಸೂಚನೆ

ಕೆಟ್ಟ ಟರ್ಬೋವನ್ನು ತಯಾರಕರು ಸೂಚಿಸಿದ ಅದೇ ಬಿಡಿಭಾಗ ಸಂಖ್ಯೆಯ ಟರ್ಬೋದಿಂದ ಬದಲಾಯಿಸುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ಬಿಡಿಭಾಗ ಸಂಖ್ಯೆ ನಮೂದಾಗಿರುವ ಬಿಲ್ಲನ್ನು ಇಟ್ಟುಕೊಳ್ಳತಕ್ಕದ್ದು. ಈಗಾಗಲೇ ಕೊರೆಸಿರುವವರು ಮೂಲ ಚಕ್ರವನ್ನು ಮಾತ್ರ ಮರಳಿ ಹಾಕಿಸಿದರೆ ಪ್ರಯೋಜನವಿಲ್ಲ. 47.6 ಮಿ.ಮೀ. ಬೋರಿನಲ್ಲಿ 44 ಮಿ.ಮೀ. ಚಕ್ರ ಕೂತರೆ ಪ್ರತಿ ಬದಿಗೆ 1.8 ಮಿ.ಮೀ. ತೆರಪು ಉಳಿದು ಟರ್ಬೋ ಒತ್ತಡವನ್ನೇ ಕಟ್ಟಲಾರದು. ಹೌಸಿಂಗ್ ಹಾಗೂ ಚಕ್ರ ಎರಡನ್ನೂ ಬದಲಾಯಿಸಬೇಕು. ಹಳೆಯ ವಾಹನ ಕೊಳ್ಳುವವರು ಮಾಲೀಕತ್ವ ವರ್ಗಾವಣೆಗೆ ಅರ್ಜಿ ಸಲ್ಲಿಸುವ ಮುನ್ನ ಗಾಳಿ ಕೊಳವೆಯನ್ನು ಬಿಚ್ಚಿಸಿ, ಬಾಯಿಯೊಳಗೆ ಹೊಸದಾಗಿ ಕೊರೆದ ಗುರುತಿದೆಯೇ ಎಂದು ಮೆಕ್ಯಾನಿಕ್ಕಿನಿಂದ ನೋಡಿಸುವುದು ಒಳಿತು. ಸಾರ್ವಜನಿಕ ರಸ್ತೆಗೆ ಇಳಿಯದೆ ಮುಚ್ಚಿದ ರೇಸ್ ಟ್ರ್ಯಾಕಿನಲ್ಲಷ್ಟೇ ಓಡುವ ವಾಹನಕ್ಕಾಗಿ ಈ ಕೆಲಸ ಮಾಡಿಸುವವರು ಬೇರೊಂದು ಹೌಸಿಂಗನ್ನು ಕೊಂಡು ಅದನ್ನೇ ಕೊರೆಸಿ, ಮೂಲ ಹೌಸಿಂಗನ್ನು ಅದರ ಸಂಖ್ಯಾಫಲಕದೊಂದಿಗೆ ಹಾಗೆಯೇ ಉಳಿಸಿಕೊಳ್ಳತಕ್ಕದ್ದು.