ಸೀಮೆಯ ಅರಸು, ಭೂಮಂಡಲದ ಅರಸು

ದೇವರನ್ನು ಅರಸನೆಂದು ಕೊಂಡಾಡುವ ಪರಂಪರೆ ಕನ್ನಡನಾಡಿಗೆ ಹೊಸದಲ್ಲ. ವಿಜಯನಗರದ ಸಂಗಮ ವಂಶದ ಅರಸರು ತಮ್ಮ ಶಾಸನಗಳ ಕೊನೆಯಲ್ಲಿ ಸ್ವಂತ ಹೆಸರಿಗೆ ಬದಲಾಗಿ ‘ಶ್ರೀ ವಿರೂಪಾಕ್ಷ’ ಎಂದು ಅಂಕಿತ ಹಾಕುತ್ತಿದ್ದುದು, ರಾಜ್ಯದ ನಿಜವಾದ ಒಡೆಯ ಹಂಪೆಯ ದೇವನೆಂಬ ಭಾವಕ್ಕೆ ಸಾಕ್ಷಿಯಾಗಿದೆ.

ಮೊದಲು ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬ ತಾಲೂಕಿಗೆ ಸೇರಿರುವ ಆಲಂಕಾರು ಹಾಗೂ ಅದರ ನೆರೆಯ ಸುಳ್ಯ, ಪುತ್ತೂರು ಪ್ರದೇಶಗಳಲ್ಲಿ ಈ ಭಾವವು ದೈವಾರಾಧನೆಯ ಮೂಲಕ ಪ್ರಕಟವಾಗುತ್ತದೆ. ಉಳ್ಳಾಕುಲು ಮೊದಲಾದ ದೈವಗಳನ್ನು ಇಲ್ಲಿ ‘ರಾಜನ್ ದೈವ’ಗಳೆಂದು ಗುರುತಿಸುತ್ತಾರೆ. ಬಲ್ನಾಡಿನ ದಂಡನಾಯಕ ಮತ್ತು ಉಳ್ಳಾಲ್ತಿಯರ ಹೆಸರುಗಳೇ ಆಳ್ವಿಕೆಯನ್ನು ಸೂಚಿಸುತ್ತವೆ. ನೇಮದ ಹೊತ್ತಿನಲ್ಲಿ ಗುತ್ತಿನ ಯಜಮಾನನೂ ಕೈಮುಗಿದು ನಿಂತು ದೈವದ ನುಡಿಗೆ ತಲೆಬಾಗಬೇಕು. ಆದರೆ ಈ ಅರಸುತನಕ್ಕೆ ಗುತ್ತು, ಗ್ರಾಮ, ಮಾಗಣೆ, ಸೀಮೆ ಎಂಬ ಎಲ್ಲೆಗಳುಂಟು.

1834 ಈ ಪ್ರದೇಶಕ್ಕೆ ನಿರ್ಣಾಯಕವಾದ ವರ್ಷ. ಕೊಡಗು ಕಂಪೆನಿಯ ವಶವಾಗಿ, ಅದರ ಅಧೀನದಲ್ಲಿದ್ದ ಅಮರಸುಳ್ಯ ಹಾಗೂ ಪುತ್ತೂರಿನ ಭಾಗಗಳು ಕೆನರಾ ಜಿಲ್ಲೆಗೆ ಸೇರಿದವು. ಕಂದಾಯವನ್ನು ನಗದಾಗಿ ಕೇಳಿದ್ದರಿಂದ ಕೆರಳಿದ ರೈತರು 1837ರಲ್ಲಿ ಕಲ್ಯಾಣಸ್ವಾಮಿಯನ್ನು ಮುಂದಿಟ್ಟುಕೊಂಡು ಮಂಗಳೂರಿನವರೆಗೆ ದಂಡೆತ್ತಿ ಹೋದರು. ಅದೇ 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಬಾಸೆಲ್ ಮಿಷನರಿಗಳು ಮಂಗಳೂರಿಗೆ ಬಂದಿಳಿದರು. 1841ರಲ್ಲಿ ಅಲ್ಲಿ ಮುದ್ರಣಾಲಯ ಆರಂಭವಾಯಿತು.

ಮಿಷನರಿಗಳ ಜೊತೆಗೆ ಬಂದ ಸ್ತುತಿಗಳಲ್ಲಿ ಬೈಬಲ್ಲಿನ 47ನೆಯ ಕೀರ್ತನೆಯೂ ಒಂದು. ಅದು ಸಕಲ ಜನಾಂಗಗಳನ್ನು ಚಪ್ಪಾಳೆ ತಟ್ಟಿ ಹಾಡಲು ಕರೆಯುತ್ತದೆ. ಸಮಸ್ತ ಭೂಮಿಯ ಅರಸನ ಸಿಂಹಾಸನದೆದುರು ಜನಾಂಗಗಳ ನಾಯಕರನ್ನು ಒಟ್ಟುಗೂಡಿಸುತ್ತದೆ. ಈ ಸ್ತುತಿಗಳ ಸಂಗ್ರಹಕ್ಕೆ ಕನ್ನಡ ಬೈಬಲ್ಲಿನಲ್ಲಿ ‘ಕೀರ್ತನೆಗಳು’ ಎಂಬ ಹೆಸರು ನಿಂತಿರುವುದು ಗಮನಾರ್ಹ. ಹರಿದಾಸರಿಂದ ಮನೆಮಾತಾಗಿದ್ದ ಈ ಪದವು ಹೀಬ್ರೂ ಸ್ತುತಿಗೆ ಕನ್ನಡದ ಕಿವಿಯನ್ನು ಒದಗಿಸಿತು.

ಹೀಗೆ ಅರಸನೆಂಬ ಪದವಾಗಲಿ, ಕೀರ್ತನೆಯೆಂಬ ರೂಪವಾಗಲಿ ಇಲ್ಲಿಯವರಿಗೆ ಅಪರಿಚಿತವಾಗಿರಲಿಲ್ಲ. ಬದಲಾದದ್ದು ಎಲ್ಲೆ ಮಾತ್ರ. ದೈವದ ಆಳ್ವಿಕೆ ಸೀಮೆಗೆ ಕಟ್ಟುಬಿದ್ದದ್ದು; ಆದ್ದರಿಂದಲೇ ಅದು ಊರಿನ ನ್ಯಾಯವನ್ನು ಹತ್ತಿರದಿಂದ ವಿಚಾರಿಸಬಲ್ಲದು. ಕೀರ್ತನೆಯ ಅರಸನಿಗೆ ಸೀಮೆಯೇ ಇಲ್ಲ. ಆದ್ದರಿಂದ ಯಾವ ಜನಾಂಗವೂ ಆತನಿಗೆ ಪರಕೀಯವಲ್ಲ. ಆದರೂ ಎರಡರಲ್ಲಿಯೂ ಸಮಾನವಾದ ಒಂದು ತಿಳಿವಿದೆ: ನೆಲವನ್ನಾಳುವವನು ಅಂತಿಮ ಒಡೆಯನಲ್ಲ, ಅವನೂ ಉತ್ತರ ಕೊಡಬೇಕಾದವನು. ಕೊಡಗಿನ ಅರಸು ಹೋಗಿ ಕಂಪೆನಿ ಬಂದ ನಾಡಿನಲ್ಲಿ ಈ ತಿಳಿವು ಕೇವಲ ಭಕ್ತಿಯ ಮಾತಾಗಿರಲಿಲ್ಲವೆಂದು ಭಾವಿಸಲು ಅವಕಾಶವಿದೆ.