ಕ್ಯಾಮೆರಾ ಬಿಟ್ಟು ದೂರ ನಿಂತ ಬೆಳಕಿನ ಕಥೆ

ನಮ್ಮ ಕಡೆ ಮದುವೆ ಫೋಟೊ ತೆಗೆಯಲು ಹೊರಟ ಹುಡುಗರು ಆಗಾಗ ಕೇಳುವ ಪ್ರಶ್ನೆ ಒಂದಿದೆ: ‘ಅಣ್ಣಾ, ಕ್ಯಾಮೆರಾ ಆಯ್ತು, ಫ್ಲ್ಯಾಶ್ ಆಯ್ತು. ಟ್ರಿಗರ್ ಎಷ್ಟರದ್ದು ತಗೊಳ್ಳಲಿ?’ ಕೇಳುವವರಲ್ಲಿ ಹೆಚ್ಚಿನವರು ಅಮ್ಮನ ಸಂಘದ ಸಾಲದಲ್ಲಿ ಕ್ಯಾಮೆರಾ ಕೊಂಡವರು. ಒಂದು ತಪ್ಪು ಖರೀದಿ ಎಂದರೆ ಎರಡು ತಿಂಗಳ ಕಂತು ಹೋದಂತೆ. ಹಾಗಾಗಿ ಉತ್ತರ ಹೇಳುವ ಮೊದಲು ಈ ಚಿಕ್ಕ ಡಬ್ಬಿ ಎಲ್ಲಿಂದ ಬಂತು ಎಂದು ನೋಡೋಣ. ಅದು ತಿಳಿದರೆ ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ ಎಂಬುದೂ ತಿಳಿಯುತ್ತದೆ.

ಫ್ಲ್ಯಾಶ್ ಕ್ಯಾಮೆರಾದ ತಲೆಯ ಮೇಲೇ ಇದ್ದರೆ ಬೆಳಕು ನೇರ ಮುಖಕ್ಕೆ ಬಡಿಯುತ್ತದೆ. ಹಣೆ ಹೊಳೆಯುತ್ತದೆ, ಹಿಂದಿನ ಗೋಡೆಗೆ ಕಪ್ಪು ನೆರಳು ಬೀಳುತ್ತದೆ, ಮದುಮಗಳು ಗುರುತಿನ ಚೀಟಿಯ ಫೋಟೊದಂತೆ ಕಾಣುತ್ತಾಳೆ. ಅದೇ ಫ್ಲ್ಯಾಶನ್ನು ಪಕ್ಕಕ್ಕೆ, ಸ್ವಲ್ಪ ಎತ್ತರಕ್ಕೆ ಇಟ್ಟರೆ ಕಿಟಕಿಯಿಂದ ಬಿದ್ದ ಬೆಳಗಿನ ಬಿಸಿಲಿನಂತೆ ಇರುತ್ತದೆ. ಆದರೆ ದೂರದ ಫ್ಲ್ಯಾಶಿಗೆ ‘ಈಗ ಹೊತ್ತಿಕೋ’ ಎಂದು ಹೇಳುವವರು ಯಾರು? ನಮ್ಮ ಕಥೆಯೆಲ್ಲ ಈ ಪ್ರಶ್ನೆಯದ್ದೇ.

1851ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಫಾಕ್ಸ್ ಟಾಲ್ಬಟ್ ಒಂದು ಪ್ರಯೋಗ ಮಾಡಿದ. ತಿರುಗುವ ಚಕ್ರಕ್ಕೆ ‘ಟೈಮ್ಸ್’ ಪತ್ರಿಕೆಯ ತುಂಡು ಅಂಟಿಸಿ, ಕತ್ತಲಲ್ಲಿ ಕ್ಯಾಮೆರಾದ ಬಾಯಿ ತೆರೆದಿಟ್ಟು, ಕೂಡಿಟ್ಟ ವಿದ್ಯುತ್ತಿನ ಒಂದು ಕಿಡಿ ಹಾರಿಸಿದ. ಚಕ್ರ ತಿರುಗುತ್ತಿದ್ದರೂ ಅಕ್ಷರಗಳು ಓದುವಷ್ಟು ಸ್ಪಷ್ಟವಾಗಿ ಮೂಡಿದವು. ಕ್ಯಾಮೆರಾ ಮೊದಲೇ ತೆರೆದಿದ್ದರಿಂದ ಕಿಡಿಗೂ ಅದಕ್ಕೂ ಹೊಂದಾಣಿಕೆ ಬೇಕಾಗಿರಲಿಲ್ಲ.

1887ರಲ್ಲಿ ಜರ್ಮನಿಯ ಗೇಡಿಕೆ ಮತ್ತು ಮೀಥೆ ಎಂಬಿಬ್ಬರು ಮೆಗ್ನೀಷಿಯಂ ಬೆರೆಸಿದ ಫ್ಲ್ಯಾಶ್ ಪುಡಿ ತಯಾರಿಸಿದರು. ಆ ಸುದ್ದಿಯನ್ನು ನ್ಯೂಯಾರ್ಕಿನಲ್ಲಿ ಪತ್ರಿಕೆಯಲ್ಲಿ ಓದಿದವನು ಜೇಕಬ್ ರೀಸ್. ಡೆನ್ಮಾರ್ಕಿನಿಂದ ವಲಸೆ ಬಂದ ಅವನು ಪೊಲೀಸ್ ಸುದ್ದಿಯ ವರದಿಗಾರ. ಕೊಳೆಗೇರಿಯ ಕತ್ತಲ ಕೋಣೆಗಳಲ್ಲಿ ಜನ ಹೇಗೆ ಬದುಕುತ್ತಾರೆ ಎಂದು ಎಷ್ಟು ಬರೆದರೂ ಯಾರೂ ಕಿವಿಗೊಟ್ಟಿರಲಿಲ್ಲ. ರೀಸ್ ಬಾಣಲೆಯಲ್ಲಿ ಪುಡಿ ಸುರಿದು ಬೆಂಕಿ ಹಚ್ಚಿ ಫೋಟೊ ತೆಗೆದ. ಈ ಕೆಲಸದಲ್ಲಿ ಮನೆಗಳಿಗೂ ತನಗೂ ಬೆಂಕಿ ತಗುಲಿಸಿಕೊಂಡಿದ್ದನ್ನು ಅವನೇ ಬರೆದಿದ್ದಾನೆ. 1890ರಲ್ಲಿ ಬಂದ ಅವನ ಪುಸ್ತಕ ‘ಹೌ ದಿ ಅದರ್ ಹಾಫ್ ಲಿವ್ಸ್’ ಆ ನಗರದ ಕಣ್ಣು ತೆರೆಸಿತು. ಸಿರಿವಂತರ ಸ್ಟುಡಿಯೊದ ಬೆಳಕು ಬಡವರ ಕೋಣೆಗೆ ಬಂದದ್ದು ಹೀಗೆ, ಒಬ್ಬ ವರದಿಗಾರನ ಕೈಯಲ್ಲಿ.

1929ರ ಹೊತ್ತಿಗೆ ಜರ್ಮನಿಯಲ್ಲಿ ಫ್ಲ್ಯಾಶ್ ಬಲ್ಬು ಬಂತು. ಹೊಗೆ ಹೋಯಿತು, ವೈರು ಬಂತು. 1931ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಜರ್ಟನ್ ಮತ್ತೆ ಮತ್ತೆ ಹೊತ್ತಿಸಬಹುದಾದ ಎಲೆಕ್ಟ್ರಾನಿಕ್ ಫ್ಲ್ಯಾಶ್ ರೂಪಿಸಿದ. ಕ್ಯಾಮೆರಾ ಬಾಯಿ ತೆರೆದಾಗ ಒಳಗೆ ಎರಡು ತಂತಿ ಕೂಡಿಕೊಳ್ಳುತ್ತವೆ, ಫ್ಲ್ಯಾಶ್ ಹೊತ್ತುತ್ತದೆ. ಅಷ್ಟೇ. ಹಳೆಯ ಸ್ಟುಡಿಯೊದವರು ‘ಪಿಸಿ ಕಾರ್ಡ್’ ಎನ್ನುವ ವೈರಿಗೆ ಆ ಹೆಸರು ಬಂದದ್ದು ಪ್ರೊಂಟೊರ್ ಮತ್ತು ಕಾಂಪೂರ್ ಎಂಬ ಜರ್ಮನ್ ಶಟರುಗಳಿಂದ.

ಛತ್ರದಲ್ಲಿ ವೈರು ಎಳೆದರೆ ಏನಾಗುತ್ತದೆಂದು ನಿಮಗೆ ಗೊತ್ತು. ಅಕ್ಷತೆ ಹಾಕಲು ಬಂದ ಅಜ್ಜಿ ಎಡವುತ್ತಾರೆ, ಸ್ಟ್ಯಾಂಡ್ ಉರುಳುತ್ತದೆ. ಇದಕ್ಕೆ ಬಂದ ಉಪಾಯ ‘ಸ್ಲೇವ್’: ಇನ್ನೊಂದು ಫ್ಲ್ಯಾಶಿನ ಬೆಳಕು ಕಂಡ ಕೂಡಲೇ ತಾನೂ ಹೊತ್ತುವ ಕಣ್ಣು. ಸ್ಟುಡಿಯೊ ಒಳಗೆ ಚೆನ್ನಾಗಿ ನಡೆಯುತ್ತದೆ. ಮದುವೆಯಲ್ಲಿ ಯಾರ ಫ್ಲ್ಯಾಶ್ ಹೊತ್ತಿದರೂ ಅದಕ್ಕೆ ಓಗೊಡುತ್ತದೆ. ನೀವು ಒತ್ತುವ ಹೊತ್ತಿಗೆ ಚಾರ್ಜ್ ಖಾಲಿ. ಬಿಸಿಲಿನಲ್ಲಿ ಅದಕ್ಕೆ ಕಣ್ಣೂ ಸರಿಯಾಗಿ ಕಾಣದು.

ಪರಿಹಾರ ಬಂದದ್ದು ರೇಡಿಯೊದಿಂದ. 1990ರ ದಶಕದಲ್ಲಿ ಅಮೆರಿಕದ ‘ಪಾಕೆಟ್‌ವಿಝರ್ಡ್’ ವೃತ್ತಿಪರರ ನೆಚ್ಚಿನ ಟ್ರಿಗರ್ ಆಯಿತು. ಆದರೆ ಜೋಡಿಗೆ 300 ಡಾಲರಿಗೂ ಮೇಲೆ. 2006ರಲ್ಲಿ ಮತ್ತೊಬ್ಬ ಪತ್ರಿಕೆಯವನು, ‘ಬಾಲ್ಟಿಮೋರ್ ಸನ್’ ಛಾಯಾಗ್ರಾಹಕ ಡೇವಿಡ್ ಹಾಬಿ, ‘ಸ್ಟ್ರೋಬಿಸ್ಟ್’ ಎಂಬ ಹೆಸರಿನಲ್ಲಿ ಚಿಕ್ಕ ಫ್ಲ್ಯಾಶನ್ನೇ ಕ್ಯಾಮೆರಾದಿಂದ ಬಿಡಿಸಿ ಬಳಸುವುದನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆಯಾಗಿ ಕಲಿಸತೊಡಗಿದ. ಕಲಿತವರು ಲೋಕದ ತುಂಬ ಹೆಚ್ಚಿದರು. ಅವರಿಗೆಲ್ಲ ಅಗ್ಗದ ಟ್ರಿಗರ್ ಬೇಕಾಯಿತು. ಚೀನಾದ ಕಂಪನಿಗಳು ಅದನ್ನು ಮಾಡಿಕೊಟ್ಟವು. ಯಾಂಗ್‌ನುವೊದ ಆರ್‌ಎಫ್-602, 603, ಆಮೇಲೆ ಗೊಡಾಕ್ಸ್‌ನ ಎಕ್ಸ್ ಸರಣಿ ಬಂದವು. ಇವೆಲ್ಲ ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗದಲ್ಲೇ ಮಾತಾಡುತ್ತವೆ. ಆ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ ಭಾರತ ಸರ್ಕಾರ 2005ರಲ್ಲೇ ಲೈಸೆನ್ಸ್ ಬೇಡವೆಂದಿತ್ತು.

ಈಗ ಹುಡುಗರ ಪ್ರಶ್ನೆಗೆ ಬರೋಣ. ಟ್ರಿಗರಿನ ಮೂಲ ಕೆಲಸ ಆ ಎರಡು ತಂತಿ ಕೂಡಿಸುವುದು, ಅದೂ ವೈರಿಲ್ಲದೆ. ಅಗ್ಗದ್ದೂ ಇದನ್ನು ಮಾಡುತ್ತದೆ. ಹೆಚ್ಚಿನ ದುಡ್ಡು ಹೋಗುವುದು ಎರಡು ಸೌಲಭ್ಯಕ್ಕೆ. ಮೊದಲನೆಯದು ಟಿಟಿಎಲ್, ಬೆಳಕಿನ ಅಳತೆಯನ್ನು ಕ್ಯಾಮೆರಾವೇ ಲೆಕ್ಕ ಹಾಕುತ್ತದೆ. ಎರಡನೆಯದು ಹೈಸ್ಪೀಡ್ ಸಿಂಕ್. ಬಿಸಿಲಲ್ಲಿ ಶಟರ್ ವೇಗ ಏರಿಸಿದರೂ ಫ್ಲ್ಯಾಶ್ ಕೆಲಸ ಮಾಡುತ್ತದೆ. ಸ್ಟ್ಯಾಂಡ್ ನಿಲ್ಲಿಸಿ ಒಂದೇ ಜಾಗದಲ್ಲಿ ಫೋಟೊ ತೆಗೆಯುವವರಿಗೆ ಟಿಟಿಎಲ್ ಅಗತ್ಯವಿಲ್ಲ. ಅಳತೆಯನ್ನು ಕೈಯಲ್ಲೇ ಒಮ್ಮೆ ಹೊಂದಿಸಿದರೆ ಸಾಕು. ಹೈಸ್ಪೀಡ್ ಇಲ್ಲದಿದ್ದರೆ ಶಟರ್ ವೇಗವನ್ನು ಹೆಚ್ಚಿನ ಕ್ಯಾಮೆರಾಗಳಲ್ಲಿ 1/200 ಸೆಕೆಂಡಿನ ಆಸುಪಾಸಿನಲ್ಲೇ ಇಡಬೇಕು. ದಾಟಿದರೆ ಫೋಟೊದ ಒಂದು ಕಡೆ ಕಪ್ಪು ಪಟ್ಟಿ ಬರುತ್ತದೆ. ಇಟ್ಟುಕೊಂಡೂ ಬಂದರೆ ಇನ್ನೂ ಸ್ವಲ್ಪ ಇಳಿಸಿ.

ಕೊಳ್ಳುವ ಮುಂಚೆ ಮೂರು ವಿಷಯ ನೋಡಿ. ಒಂದು, ಟ್ರಿಗರ್ ನಿಮ್ಮ ಕ್ಯಾಮೆರಾ ಕಂಪನಿಗೆ ಹೊಂದುವಂಥದ್ದೇ? ಎರಡು, ಚಾನೆಲ್ ಬದಲಿಸಲು ಬರುತ್ತದೆಯೇ? ಪಕ್ಕದಲ್ಲೇ ಇನ್ನೊಬ್ಬ ಫೋಟೊಗ್ರಾಫರ್ ಅದೇ ಟ್ರಿಗರ್ ತಂದರೆ ಬೇಕಾಗುತ್ತದೆ. ಮೂರು, ಅಟ್ಟದ ಮೇಲಿನ ಹಳೆಯ ಫ್ಲ್ಯಾಶ್ ಬಳಸುವುದಾದರೆ ಹುಷಾರು. ಕೆಲವು ಹಳೆಯ ಫ್ಲ್ಯಾಶುಗಳ ತುದಿಯಲ್ಲಿ 200 ವೋಲ್ಟಿಗೂ ಹೆಚ್ಚು ಇರುತ್ತದೆ. ನೇರ ಕೂರಿಸಿದರೆ ಈಗಿನ ಕ್ಯಾಮೆರಾ ಕೆಡಬಹುದು, ಟ್ರಿಗರ್ ಕೂಡ ಸುಡಬಹುದು. ಮೀಟರ್ ಇಟ್ಟು ಅಳೆಸಿ, ಕ್ಯಾಮೆರಾ ಮತ್ತು ಟ್ರಿಗರ್ ಎಷ್ಟು ತಡೆಯುತ್ತವೆಂದು ಪುಸ್ತಿಕೆಯಲ್ಲಿ ನೋಡಿ, ಆಮೇಲೆ ಜೋಡಿಸಿ.

ಉಳಿದ ದುಡ್ಡಿನಲ್ಲಿ ಒಳ್ಳೆಯ ಸೆಲ್ಲು, ಗಟ್ಟಿ ಸ್ಟ್ಯಾಂಡ್, ಒಂದು ಬಿಳಿ ಛತ್ರಿ ಕೊಳ್ಳಿ. ಚೀಲದಲ್ಲಿ ಆ ಹಳೆಯ ವೈರೂ ಒಂದು ಇರಲಿ. ಅಗ್ಗದ ಟ್ರಿಗರ್ ನೂರರಲ್ಲಿ ಒಂದು ಸಲ ಕೈಕೊಡಬಹುದು. ಧಾರೆಯನ್ನು ನಿಮ್ಮ ಫೋಟೊಗೋಸ್ಕರ ಯಾರೂ ಎರಡನೇ ಸಲ ಎರೆಯುವುದಿಲ್ಲ.